ಹೆಸರಿನಡಿಯ ಕೆಂಪು ಗೆರೆ

೬ ಜನವರಿ ೨೦೨೫, ಸೋಮವಾರ

ಬೆಳಿಗ್ಗೆ ಅಂಗಡಿ ತೆರೆದು ಕಂಪ್ಯೂಟರ್ ಹಾಕಿದಾಗ ಮೇಲ್ ಕಳಿಸುವ ಪ್ರೋಗ್ರಾಂ ತನ್ನಷ್ಟಕ್ಕೇ ಹೊಸತಾಗುತ್ತಿತ್ತು. ಕಾದೆ. ಮುಗಿದ ಮೇಲೆ ಪಂಚಾಯತಿಗೆ ಕಳಿಸಬೇಕಾದ ನೀರಿನ ಅರ್ಜಿಯನ್ನು ಟೈಪ್ ಮಾಡಲು ಕೂತೆ. ಒಂದೊಂದು ಪದ ಮುಗಿದ ಹಾಗೆ ಅದರ ಕೆಳಗೆ ಕೆಂಪು ಗೆರೆ. ‘ಮಾನ್ಯರೇ’ ಎಂಬುದಕ್ಕೂ ಕೆಂಪು, ‘ನೀರು’ ಎಂಬುದಕ್ಕೂ ಕೆಂಪು. ಪುಟದ ತುಂಬ ಕೆಂಪು ಚಿಗಳಿ ಇರುವೆ ಹರಿದ ಹಾಗಾಯಿತು.

ಕೊನೆಗೆ ಅರ್ಜಿದಾರರ ಹೆಸರು ಬರೆದೆ. ಅದರ ಕೆಳಗೆ ಮಾತ್ರ ಗೆರೆ ಬರಲಿಲ್ಲ.

ಹೆಸರುಗಳನ್ನು ನಾವೇ ಅದಕ್ಕೆ ಕಲಿಸಿದ್ದು. ಸಂಕಪ್ಪಣ್ಣ ಈ ಅಂಗಡಿ ಇಟ್ಟದ್ದು ಸಿದ್ಧಕಟ್ಟೆಯಲ್ಲಿ ಪೋಸ್ಟ್‌ಮ್ಯಾನ್ ಆಗಿ ನಿವೃತ್ತರಾದ ಮರುವರ್ಷ, ೨೦೧೦ರಲ್ಲಿ. ಬರೆಯಲು ಬಾರದವರ ಕಾಗದಗಳನ್ನು ಅವರು ಮೊದಲು ಕೈಯಲ್ಲಿ ಬರೆದುಕೊಡುತ್ತಿದ್ದರು, ಆಮೇಲೆ ಮೇಲ್‌ನಲ್ಲಿ. ತಪ್ಪು ಹಿಡಿಯುವ ಸ್ಪೆಲ್ ಚೆಕ್ಕಿಗೆ ಅವರು ಇಟ್ಟ ಹೆಸರು ‘ಮಾಸ್ಟ್ರು’. ಮಾಸ್ಟ್ರು ಎಲ್ಲಿ ಬೇಕಾದರೂ ಗೆರೆ ಎಳೆಯಲಿ, ಜನರ ಹೆಸರಿನ ಕೆಳಗೆ ಎಳೆಯಬಾರದು. “ವಿಳಾಸದಾರ ಇಲ್ಲ ಅಂತ ಕಾಗದ ವಾಪಸ್ ಮಾಡುವಾಗ ನಾನು ಕೆಂಪು ಪೆನ್ನಲ್ಲಿ ಹೆಸರಿನ ಅಡಿಗೆ ಗೆರೆ ಹಾಕ್ತಿದ್ದೆ. ಎದುರು ಕೂತವರಿಗೆ ಅದನ್ನು ತೋರಿಸುವುದಾ?” ಎನ್ನುತ್ತಾರೆ. ಹಾಗಾಗಿ ಹೊಸಬರು ಬಂದರೆ ಮೊದಲು ಅವರ ಹೆಸರು ಬರೆದು, ಕೆಂಪು ಗೆರೆಯ ಮೇಲೆ ಒತ್ತಿ, ‘ಪದಕೋಶಕ್ಕೆ ಸೇರಿಸು’ ಎಂದು ಕೊಡಬೇಕು. ಗೆರೆ ಮಾಯವಾಗುವುದನ್ನು ಅವರು ನೋಡಬೇಕು. ಆಮೇಲೆ ವಿಷಯ.

ಹದಿನಾಲ್ಕು ವರ್ಷದಲ್ಲಿ ಎರಡು ಸಾವಿರದ ಮುನ್ನೂರ ಚಿಲ್ಲರೆ ಹೆಸರುಗಳಾಗಿವೆ. ಸಂಜೆ ಬಾಗಿಲು ಹಾಕುವ ಮೊದಲು ಆ ಪಟ್ಟಿಯಿಂದ ಹತ್ತು ಹೆಸರು ನಾನು ಓದಬೇಕು, ಅವರು ಒಬ್ಬೊಬ್ಬರ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಕೆಲಸ ಮುಗಿಯುವುದು ಹಾಗೆ.

ಈಗ ಅವರು ಅಂಗಡಿಯಲ್ಲಿಲ್ಲ. ಬಿ.ಸಿ. ರೋಡಿನಲ್ಲಿ ಬಸ್ಸಿನಿಂದ ಇಳಿಯುವಾಗ ಬಿದ್ದು ತೊಡೆಯ ಎಲುಬು ಮುರಿಯಿತು. ಆಪರೇಷನ್ ಆಗಿ ಮೂಡುಬಿದಿರೆಯಲ್ಲಿ ಮಗಳು ಸರಸಕ್ಕನ ಮನೆಯಲ್ಲಿದ್ದಾರೆ. ಅರಿವಳಿಕೆ ಕೊಟ್ಟಂದಿನಿಂದ ಕೆಲವು ಸಲ ಇದು ಯಾವ ಊರು ಎಂದು ಕೇಳುತ್ತಾರಂತೆ. ದಿನಾ ಸಂಜೆ ಐದೂವರೆಗೆ ಫೋನ್ ಮಾಡಿ ಹೆಸರು ಓದಿಸಿಕೊಳ್ಳುತ್ತಾರೆ. ಓದಿ ಮುಗಿದ ಮೇಲೆ ಸರಿಯಾಗುತ್ತಾರೆ ಎಂದು ಸರಸಕ್ಕ ಹೇಳಿದರು.

೭ ಜನವರಿ, ಮಂಗಳವಾರ

ಗೋಡೆಯ ಮೇಲೆ ಶೋಧನ್ ನಂಬರು ಬರೆದಿದೆ. ಬೆಳ್ತಂಗಡಿಯಿಂದ ಬಂದು ಕಂಪ್ಯೂಟರ್ ರಿಪೇರಿ ಮಾಡುವವನು. ಫೋನ್ ಮಾಡಬೇಕು. ನನಗೆ ಗೊತ್ತಿಲ್ಲದವರೊಡನೆ ಫೋನಿನಲ್ಲಿ ಮಾತಾಡಲು ಆಗುವುದಿಲ್ಲ. ಅಂಗಡಿಗೆ ಬಂದವರ ಜೊತೆಗೂ ಸಂಕಪ್ಪಣ್ಣನೇ ಮಾತಾಡುವುದು, ನಾನು ಟೈಪ್ ಮಾಡುವುದು. ಈ ಡೈರಿ ಕೊಟ್ಟದ್ದೂ ಅವರೇ. “ಮಾತಾಡ್ಲಿಕ್ಕೆ ಆಗದಿದ್ರೆ ಬರಿ ಮಾರಾಯ್ತಿ, ಒಳಗೆ ಇಟ್ಟು ಹುಳಿ ಮಾಡಬೇಡ.”

ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಇಂಗ್ಲಿಷಿನಲ್ಲಿತ್ತು. ನನ್ನದು ಏಳನೇ ಕ್ಲಾಸಿನ ಇಂಗ್ಲಿಷು. ಒಂದೊಂದೇ ಸಾಲು ಒಂದು ಕಾಗದದಲ್ಲಿ ಬರೆದುಕೊಂಡೆ. ಎಂಟು ಉಪಾಯ ಉಂಟು. ನಾಳೆ ಒಂದೊಂದಾಗಿ ಮಾಡಿ ನೋಡುವುದು.

೮ ಜನವರಿ, ಬುಧವಾರ

ಮೊದಲನೆಯದು, ಮುಚ್ಚಿ ತೆರೆಯುವುದು. ಆಗಲಿಲ್ಲ. ಎರಡನೆಯದು, ಸ್ಪೆಲ್ ಚೆಕ್ಕಿನ ಟಿಕ್ ತೆಗೆದು ಮತ್ತೆ ಹಾಕುವುದು. ಆಗಲಿಲ್ಲ. ಹೀಗೇ ಆರರ ತನಕ ಬಂದೆ. ಏಳನೆಯದು ಪದಕೋಶವನ್ನು ಮೊದಲಿನ ಸ್ಥಿತಿಗೆ ತರುವುದು. ಒತ್ತಿದೆ. ‘ಖಂಡಿತವೇ?’ ಎಂದು ಕೇಳಿತು. ಹೌದು ಎಂದೆ.

ಎಂಟನೆಯದರಲ್ಲಿ ಸರಿಯಾಯಿತು. ಹೊಸತಾಗುವಾಗ ಪ್ರೋಗ್ರಾಂ ಕನ್ನಡವನ್ನು ತೆಗೆದು ಇಂಗ್ಲಿಷನ್ನು ಇಟ್ಟುಕೊಂಡಿತ್ತು, ಅಷ್ಟೆ. ಭಾಷೆಗಳ ಪಟ್ಟಿಯಲ್ಲಿ ಕನ್ನಡಕ್ಕೆ ಟಿಕ್ ಹಾಕಿದೆ. ಪುಟದಲ್ಲಿದ್ದ ಕೆಂಪೆಲ್ಲ ಹೋಯಿತು.

ಹೆಸರಿನ ಕೆಳಗೆ ಬಂತು.

ಪಟ್ಟಿ ತೆರೆದು ನೋಡಿದೆ. ಖಾಲಿ.

೯ ಜನವರಿ

ಖಾಲಿಯೇ.

೧೦ ಜನವರಿ, ಶುಕ್ರವಾರ

ಸೈನಬುಮ್ಮ ಬಂದರು. ನನ್ನನ್ನು ‘ಮೋಳೆ’, ಅಂದರೆ ಮಗಳೇ, ಎಂದು ಕರೆಯುವವರು. ಪ್ರತಿ ಶುಕ್ರವಾರ ಮಸ್ಕತ್ತಿನಲ್ಲಿರುವ ಅಣ್ಣನಿಗೆ ಮೇಲ್ ಬರೆಸುತ್ತಾರೆ. ಎಲ್ಲರೂ ವಾಟ್ಸ್ಯಾಪಿಗೆ ಹೋದರೂ ಇವರು ಹೋಗಲಿಲ್ಲ. ಅಣ್ಣನಿಗೆ ಕಿವಿ ಕೇಳಿಸುವುದಿಲ್ಲ, ವಾಯ್ಸ್ ಕಳಿಸಿದರೆ ಪ್ರಯೋಜನ ಇಲ್ಲ.

ಬರೆದು ಮುಗಿಸಿ ಕೊನೆಗೆ ‘ಸೈನಬ’ ಎಂದು ಹಾಕಿದೆ. ಕೈಯಿಂದ ಪರದೆ ಮುಚ್ಚಲು ನೋಡಿದೆ. ಅವರಿಗೆ ಅಕ್ಷರ ಬಾರದಿದ್ದರೂ ಗೆರೆ ಗೊತ್ತಾಗುತ್ತದೆ.

“ಇದು ಎಂತ ಮೋಳೆ? ನನ್ನ ಗೆರೆ ಸಂಕಪ್ಪಣ್ಣ ತೆಗೆದದ್ದಲ್ವಾ? ಅಂಗಡಿ ಇಟ್ಟ ವರ್ಷವೇ ತೆಗೆದದ್ದು.”

ಬೇಗ ಗೆರೆಯ ಮೇಲೆ ಮೌಸ್ ಇಟ್ಟೆ. ಒತ್ತಿ ಸೇರಿಸಿದೆ. ಗೆರೆ ಹೋಯಿತು. ಅವರು ನನ್ನನ್ನೇ ನೋಡಿದರು. “ನಾನು ಬದುಕಿ ಉಂಟು ಅಂತ ಹೇಳು ಅದಕ್ಕೆ” ಎಂದು ಕೊಡೆ ಹಿಡಿದುಕೊಂಡು ಹೊರಟರು.

ಐದೂವರೆಗೆ ಸಂಕಪ್ಪಣ್ಣನ ಫೋನ್ ಬಂತು. “ಓದು ಮಗಾ.” ಕರೆಂಟಿಲ್ಲ ಎಂದೆ. ಮೊನ್ನೆಯೂ ಹಾಗೇ ಹೇಳಿದ್ದು, ನಿನ್ನೆಯೂ.

೧೩ ಜನವರಿ, ಸೋಮವಾರ

ಫ್ಯಾನ್ ತಿರುಗುವ ಸದ್ದು ಅವರಿಗೆ ಫೋನಿನಲ್ಲಿ ಕೇಳಿಸಿತು. “ಕರೆಂಟ್ ಬಂದಿದೆಯಲ್ಲ, ಓದು.”

ಬಾಯಿಪಾಠ ಬಂದದ್ದನ್ನು ಹೇಳಿದೆ. ಸೈನಬ. ಅಬ್ದುಲ್ ನಾಸಿರ್. ಆಫ್ರಾ. ಆರು ಹೆಸರು ಆಗುವಷ್ಟರಲ್ಲಿ ನಿಂತೆ. ಎಷ್ಟೋ ಸಲ ಓದಿದ ಪಟ್ಟಿ, ನೋಡಿ ಓದಿದ್ದೇ ಹೊರತು ನೆನಪಿಟ್ಟುಕೊಂಡಿರಲಿಲ್ಲ.

“ಅಬ್ದುಲ್ ನಾಸಿರ್ ಮನೆಗೆ ಎರಡು ಸಂಕ ದಾಟಿ ಹೋಗಬೇಕು” ಎಂದರು. ಹಳ್ಳ ದಾಟುವ ಆ ಕಾಲುಸೇತುವೆಗಳನ್ನು ಮನಸ್ಸಿನಲ್ಲೇ ಎಣಿಸಿರಬೇಕು. “ಎರಡಾ, ಒಂದಾ?” ಎಂದು ನನ್ನನ್ನು ಕೇಳಿದರು. ನನಗೆ ಹೇಗೆ ಗೊತ್ತು.

ಫೋನ್ ಇಟ್ಟ ಕೂಡಲೇ ಶೋಧನ್ ನಂಬರು ಒತ್ತಿದೆ. ಹೇಳಬೇಕಾದದ್ದನ್ನು ಮೊದಲು ಕಾಗದದಲ್ಲಿ ಬರೆದು ಇಟ್ಟುಕೊಂಡಿದ್ದೆ. ನೋಡಿಕೊಂಡು ಓದಿದೆ.

೧೫ ಜನವರಿ, ಬುಧವಾರ

ಶೋಧನ್ ಬಂದ. ಹೆಲ್ಮೆಟನ್ನು ಜೆರಾಕ್ಸ್ ಮಿಷನ್ನಿನ ಮೇಲೆ ಇಟ್ಟು ಕೂತ. ಒಂದು ಗಂಟೆ ಏನೇನೋ ಹುಡುಕಿದ.

“ಏಳನೆಯದ್ದು ಮಾಡುವ ಮೊದಲು ಎಂಟನೆಯದ್ದು ಮಾಡಬೇಕಿತ್ತು ಮಾರಾಯ್ತಿ.”

“ಏಳರ ನಂತರ ಎಂಟು ಅಲ್ವಾ?” ಎಂದೆ.

ಅವನು ನಕ್ಕ. ನನಗೆ ಅಳು ಬಂತು. ಅವನಿಗೆ ಪಾಪ ಅನಿಸಿರಬೇಕು, ಮತ್ತೆ ಅರ್ಧ ಗಂಟೆ ಕೂತ. ಹಳೆಯ ಫೈಲಿನ ಜಾಗದಲ್ಲಿ ಬೇರೆ ಏನೋ ಬಂದು ಕೂತಿದೆಯಂತೆ. ಇನ್ನು ಸಿಗುವುದಿಲ್ಲ. “ಎಂತ ಇತ್ತು ಅದರಲ್ಲಿ?”

“ಹೆಸರು.”

“ಬರೀ ಹೆಸರಾ? ಕಾಗದ ಎಲ್ಲ ಹಾಗೇ ಉಂಟಲ್ಲ, ನಾಲ್ಕು ಸಾವಿರ. ಹೆಸರಿಗೆ ಎಂತ? ಇನ್ನು ಬಂದವರದ್ದು ಹಾಕುತ್ತಾ ಹೋಗಿ.”

ಇನ್ನು ಯಾರು ಬರುತ್ತಾರೆ? ಹೆಚ್ಚಿನವರೆಲ್ಲ ವಾಟ್ಸ್ಯಾಪಿಗೆ ಹೋಗಿ ೨೦೧೬ರ ನಂತರ ಬಂದದ್ದೇ ಇಲ್ಲ. ಕೆಲವರು ಎಲ್ಲಿಗೂ ಬರಲಾರರು. ಇದನ್ನು ಹೇಳಲು ಹೊರಟೆ, ಅಷ್ಟರಲ್ಲಿ ಅವನು ಹೆಲ್ಮೆಟ್ ಹಾಕಿ ಆಗಿತ್ತು.

೧೭ ಜನವರಿ, ಶುಕ್ರವಾರ

ಸೈನಬುಮ್ಮ ಕಳೆದ ವಾರದ ಕಾಗದವನ್ನೇ ಇನ್ನೊಮ್ಮೆ ಕಳಿಸಬೇಕೆಂದರು, ಅಣ್ಣನಿಗೆ ಸಿಗಲಿಲ್ಲವಂತೆ. ಹಳೆಯ ಮೇಲ್ ಮೇಲೆ ಒತ್ತಿ ‘ಹೊಸತಾಗಿ ತಿದ್ದು’ ಎಂದು ತೆರೆದೆ. ಇಡೀ ಕಾಗದದಲ್ಲಿ ಒಂದೇ ಕಡೆ ಕೆಂಪು. ಅಣ್ಣನ ಹೆಸರಿನ ಕೆಳಗೆ.

ಅವರು ಹೋದ ಮೇಲೆ ೨೦೧೦ರ ಮೊತ್ತಮೊದಲ ಮೇಲನ್ನು ಹಾಗೆಯೇ ತೆರೆದೆ. ಮೂರು ಪದಗಳಿಗೆ ಗೆರೆ. ಮೂರೂ ಹೆಸರುಗಳು. ಇನ್ನೊಂದು ತೆರೆದೆ. ಅಲ್ಲಿ ಐದು.

ಮಾಸ್ಟ್ರಿಗೆ ಬೇರೆಲ್ಲ ಗೊತ್ತು, ಜನರು ಮಾತ್ರ ಗೊತ್ತಿಲ್ಲ. ಹಾಗಾಗಿ ಜನರು ಎಲ್ಲಿದ್ದಾರೆ ಎಂದು ಅವರೇ ಗೆರೆ ಎಳೆದು ತೋರಿಸುತ್ತಾರೆ. ನಾನು ಓದಿ, ಒತ್ತಿ, ಸೇರಿಸಿದರೆ ಆಯಿತು. ನಾಲ್ಕು ಸಾವಿರ ಕಾಗದ. ಸಂಕಪ್ಪಣ್ಣ ಫೆಬ್ರವರಿ ಏಳಕ್ಕೆ ಬರುತ್ತಾರೆ.

ಸಂಜೆಯ ಫೋನಿಗೆ ಹತ್ತು ಹೆಸರು ಓದಿದೆ. ಹತ್ತೂ ಪರದೆ ನೋಡಿಯೇ ಓದಿದ್ದು.

೨೦ ಜನವರಿ, ಸೋಮವಾರ

ಎಷ್ಟು ಕಾಗದಗಳು. ದಿನಕ್ಕೆ ಇನ್ನೂರು ನೋಡಬೇಕು ಎಂದುಕೊಂಡು ಕೂರುತ್ತೇನೆ, ಹೆಸರು ಮಾತ್ರ ನೋಡಿ ಮುಂದೆ ಹೋಗಬೇಕು ಎಂದುಕೊಳ್ಳುತ್ತೇನೆ, ಆಗುವುದಿಲ್ಲ. ಸೌದಿಯ ಜುಬೈಲಿನಲ್ಲಿರುವವನಿಗೆ ಹೆಂಡತಿ ಬರೆಸಿದ್ದು: ಮಗುವಿಗೆ ಹಲ್ಲು ಬಂತು, ಕೆಳಗಿನದ್ದು ಮೊದಲು. ದುಬೈ ಹೋಟೆಲಿನ ಅಡುಗೆಯವನಿಗೆ ತಾಯಿ ಬರೆಸಿದ್ದು: ನೀನು ಕಳಿಸಿದ ಕೊಡೆ ಗುಂಡಿ ಒತ್ತಿದರೆ ತೆರೆಯುತ್ತದೆ, ಮುಚ್ಚುವುದು ಹೇಗೆಂದು ಬರೆ, ಮೂರು ದಿನದಿಂದ ತೆರೆದೇ ಉಂಟು. ಗುಡ್ಡದ ಬದಿಯ ಒಬ್ಬರು ಅರಣ್ಯ ಇಲಾಖೆಗೆ ಬರೆಸಿದ್ದರಲ್ಲಿ ನಾಯಿಯ ಹೆಸರಿಗೂ ಗೆರೆ ಬಂತು. ಅದರ ಹೆಸರು ಕರಿಯ. ಚಿರತೆ ಹಿಡಿದದ್ದಂತೆ. ಅದನ್ನೂ ಸೇರಿಸಿದೆ. ಹಿಂದಿನ ಪಟ್ಟಿಯಲ್ಲೂ ಅದು ಇತ್ತು, ಓದುವಾಗ ಸಂಕಪ್ಪಣ್ಣ “ಒಳ್ಳೆಯ ನಾಯಿ, ನನಗೆ ಬೊಗಳುತ್ತಿರಲಿಲ್ಲ” ಎಂದದ್ದು ನೆನಪಾಯಿತು.

ಆಗ ಕಾಗದ ಬರೆಸಲು ಬಂದವರು ಹೊರಗಿನ ಬೆಂಚಿನಲ್ಲಿ ಸಾಲಾಗಿ ಕೂರುತ್ತಿದ್ದರು. ಒಬ್ಬರ ಕಾಗದಕ್ಕೆ ಇನ್ನೊಬ್ಬರು ಬಾಯಿ ಹಾಕುತ್ತಿದ್ದರು. “ಅವನಿಗೆ ನನ್ನದೂ ಒಂದು ಸಲಾಂ ಹಾಕಿ” ಎಂದು. ಹಾಗೆ ಹಾಕಿದ ಸಲಾಂಗಳು ಎಲ್ಲ ಕಾಗದದ ಕೊನೆಯಲ್ಲೂ ಉಂಟು, ಅದರಲ್ಲೇ ಹೆಸರು ಹೆಚ್ಚು. ಬೆಂಚು ಈಗಲೂ ಉಂಟು. ಬಸ್ ಕಾಯುವವರು ಕೂರುತ್ತಾರೆ, ಫೋನ್ ನೋಡುತ್ತಾ.

೨೪ ಜನವರಿ, ಶುಕ್ರವಾರ

೨೦೧೨ ತೆರೆಯುವುದಿಲ್ಲ. ಇಡೀ ವರ್ಷದ ಫೋಲ್ಡರು. ಶೋಧನ್‌ಗೆ ಫೋನ್ ಮಾಡಿದೆ, ಏನೋ ಒತ್ತಲು ಹೇಳಿದ, ಒತ್ತುವ ಮೊದಲು “ಇದು ಏಳನೆಯದ್ದಾ ಎಂಟನೆಯದ್ದಾ?” ಎಂದು ಕೇಳಿದೆ. ಬಿದ್ದು ಬಿದ್ದು ನಕ್ಕ. ಆದರೆ ತೆರೆಯಲಿಲ್ಲ.

ಸೈನಬುಮ್ಮನಿಗೆ ಎಲ್ಲ ಹೇಳಿಬಿಟ್ಟೆ. ಬೈಯುತ್ತಾರೆ ಎಂದುಕೊಂಡಿದ್ದೆ. “ಆಗ ಟೈಪ್ ಮಾಡಿದ್ದು ಜಲಜಾಕ್ಷಿ ಅಲ್ವಾ? ವಿಟ್ಲಕ್ಕೆ ಮದುವೆಯಾಗಿ ಹೋಗಿದ್ದಾಳೆ. ಪೇಟೆಯಲ್ಲಿ ಟೈಲರಿಂಗ್ ಉಂಟು. ಹೋಗಿ ಕೇಳು.”

“ನೀವೂ ಬನ್ನಿ.”

“ನನ್ನ ಗಂಟುನೋವಿಗೆ ಬಸ್ಸು ಆಗುವುದಿಲ್ಲ. ನಿನಗೆ ಬಾಯಿ ಇಲ್ವಾ?”

೨೯ ಜನವರಿ, ಬುಧವಾರ

ವಿಟ್ಲಕ್ಕೆ ಹೋಗಿ ಬಂದೆ. ಬಂಟ್ವಾಳದಲ್ಲಿ ಬಸ್ ಬದಲಿಸಬೇಕು. ಕಂಡಕ್ಟರ್ ಪೇಟೆ ಬರುವ ಮೊದಲೇ ಇಳಿಸಲು ನೋಡಿದ, ನಾನು ಇಳಿಯಲಿಲ್ಲ, ಟಿಕೆಟ್ ತೋರಿಸಿ ಪೇಟೆಗೇ ಬಿಡಬೇಕು ಎಂದೆ. ಜಲಜಾಕ್ಷಿಯಕ್ಕನ ಅಂಗಡಿ ಎಲ್ಲಿ ಎಂದು ಮೂರು ಜನರಲ್ಲಿ ಕೇಳಿದೆ.

ಜಲಜಾಕ್ಷಿಯಕ್ಕ ರವಿಕೆ ಕತ್ತರಿಸುತ್ತಿದ್ದರು. ವಿಷಯ ಕೇಳಿ ಕತ್ತರಿ ಕೆಳಗಿಟ್ಟರು. “ಹನ್ನೆರಡನೇ ಇಸವಿಯಾ? ಬರ್ಕೊ.” ಕಣ್ಣು ಮುಚ್ಚಿ ಹೇಳುತ್ತಾ ಹೋದರು. ಊರಿನ ಮೇಲಿನ ಬದಿಯಿಂದ ಶುರು ಮಾಡಿ, ದಾರಿಯಲ್ಲಿ ನಡೆದುಕೊಂಡು ಹೋದ ಹಾಗೆ, ಮನೆಯಿಂದ ಮನೆಗೆ. ಇದು ಸಂಕಪ್ಪಣ್ಣ ಕಲಿಸಿದ್ದಂತೆ. ಪೋಸ್ಟ್‌ಮ್ಯಾನ್ ಲೆಕ್ಕ. ಎಡ ಬದಿ ಹೋಗುವಾಗ, ಬಲ ಬದಿ ಬರುವಾಗ. ನೂರ ಹನ್ನೊಂದು ಹೆಸರು ಆಯಿತು. ನಡುವೆ ಒಂದು ಕಡೆ ನಿಂತರು. “ಸಂಕದ ಹತ್ತಿರ ಒಂದು ಮನೆ ಇತ್ತು. ಹೆಂಗಸು ನನಗೆ ಯಾವಾಗಲೂ ಪುನರ್ಪುಳಿ ಶರಬತ್ತು ಕೊಡುತ್ತಿದ್ದದ್ದು. ಹೆಸರು... ಛೆ.” ಬರಲಿಲ್ಲ. ಅದೊಂದು ಹೋಯಿತು.

“ಅಲ್ಲಿಗೆ ಸಂಕ ಒಂದಾ ಎರಡಾ?” ಎಂದು ಕೇಳಿದೆ.

“ಎರಡು. ಅಬ್ದುಲ್ ನಾಸಿರ್ ಮನೆ ಎರಡನೆಯದ್ದು ದಾಟಿ.”

ಹೊರಡುವಾಗ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಉಮ್ಮರ್ ಅವರ ಮಗಳಲ್ವಾ ನೀನು? ಓದುತ್ತಾ ಹದಿನಾಲ್ಕನೇ ಇಸವಿಯ ಜೂನ್ ತಿಂಗಳ ಕಾಗದಗಳಿಗೆ ಬಂದೆಯಾ?”

“ಇನ್ನೂ ಇಲ್ಲ.”

“ಬಾ. ನಾನು ಹೇಳುವುದಿಲ್ಲ.”

೩೧ ಜನವರಿ, ಶುಕ್ರವಾರ

ಜೂನ್ ೧೧, ೨೦೧೪. ನನ್ನ ತಾಯಿ, ಉಮ್ಮ ಬರೆಸಿದ್ದು, ಸೌದಿಯ ದಮ್ಮಾಮಿನಲ್ಲಿದ್ದ ತಂದೆಗೆ, ಉಪ್ಪನಿಗೆ. ಉಮ್ಮ ಬಾವಿಕಟ್ಟೆಯಲ್ಲಿ ಜಾರಿ ಸೊಂಟ ಮುರಿದುಕೊಂಡ ವರ್ಷ. ನಾನು ಏಳನೇ ಮುಗಿಸಿದ್ದೆ.

‘ನೋವು ಈಗ ಕಡಿಮೆ. ಶಹಲಾ ಮನೆಯಲ್ಲಿದ್ದು ಎಲ್ಲ ನೋಡಿಕೊಳ್ಳುತ್ತಾಳೆ. ಹೈಸ್ಕೂಲು ಬರುವ ವರ್ಷ ನೋಡುವ. ತಮ್ಮ ಫಾಝಿಲ್ ಶಾಲೆಗೆ ಹೋಗುತ್ತಾನೆ.’ ಶಹಲಾ ಎಂಬ ನನ್ನ ಹೆಸರಿನ ಕೆಳಗೆ ಗೆರೆ. ಫಾಝಿಲ್ ಕೆಳಗೂ.

ಉಮ್ಮನ ಹೆಸರೂ ಆದ ಮೇಲೆ, ಒಂದು ಸಾಲು ಬಿಟ್ಟು, ಇಷ್ಟು ಇತ್ತು:

‘ಇದು ಬರೆದವನ ಮಾತು. ತಾಯಿ ಒಳಗೆ ಕೂತು ಹೇಳುತ್ತಿರುವಾಗ ಹುಡುಗಿ ಹೊರಗೆ ನಿಂತು ನನ್ನ ಬೋರ್ಡು, ಎದುರಿನ ಅಂಗಡಿಯ ಬೋರ್ಡು, ಬಸ್ಸಿನ ಬೋರ್ಡು, ಕೊನೆಗೆ ಬೆಂಚಿನ ಮೇಲಿದ್ದ ಹಳೆಯ ಪೇಪರು ಎಲ್ಲ ಓದಿ ಮುಗಿಸಿದಳು. ಇಂಥವಳನ್ನು ನಿಲ್ಲಿಸಬಾರದು. ದಯವಿಟ್ಟು ಯೋಚಿಸಿ.’

ಕೆಳಗೆ ಹೆಸರಿಲ್ಲ.

ಬಂದ ಮೇಲ್‌ಗಳಲ್ಲಿ ಉಪ್ಪನ ಉತ್ತರವೂ ಸಿಕ್ಕಿತು. ‘ಬರೆದವರಿಗೆ ಸಲಾಂ. ಬರುವ ವರ್ಷ ಖಂಡಿತ.’ ಬರುವ ವರ್ಷ ಯಾರಿಗೂ ನೆನಪಾಗಲಿಲ್ಲ. ನಾನೂ ನೆನಪು ಮಾಡಲಿಲ್ಲ. ಹೈಸ್ಕೂಲಿನಲ್ಲಿ ಹೊಸ ಮಕ್ಕಳ ಜೊತೆ ಮಾತಾಡಬೇಕಲ್ಲ ಎಂದು ಒಳಗೊಳಗೆ ಸಮಾಧಾನವೇ ಆಗಿತ್ತು. ಇದನ್ನು ಇಲ್ಲಿ ಮಾತ್ರ ಬರೆಯುತ್ತೇನೆ.

ಮನೆಗೆ ಬಂದು ಉಮ್ಮನನ್ನು ಕೇಳಿದೆ. ಮೀನು ಕೊಯ್ಯುತ್ತಿದ್ದರು. “ನಾನು ಹೇಳಿದ್ದಲ್ಲ ಅದು. ಬರೆದದ್ದನ್ನೆಲ್ಲ ಓದಿ ಕೇಳಿಸ್ತಾರೆ ಅವರು. ಅದನ್ನು ಓದಲಿಲ್ಲ.” ಕತ್ತಿ ನಿಲ್ಲಿಸಿ, “ಓದಿದ್ದರೆ ನಾನು ತೆಗೆಯಲು ಹೇಳುತ್ತಿದ್ದೆ ಮೋಳೆ. ಆಗ ನೀನು ಬೇಕಿತ್ತು ನನಗೆ” ಎಂದರು.

ಐದು ವರ್ಷ ಕಳೆದು ಒಂದು ದಿನ ಸಂಕಪ್ಪಣ್ಣ ನಮ್ಮ ಮನೆಗೆ ಬಂದು, ಟೈಪ್ ಮಾಡಲು ಒಬ್ಬರು ಬೇಕು ಎಂದದ್ದು. ನಾನು ಅದನ್ನು ಬರೀ ಅದೃಷ್ಟ ಎಂದುಕೊಂಡಿದ್ದೆ.

೩ ಫೆಬ್ರವರಿ, ಸೋಮವಾರ

ಮುಗಿಯುತ್ತಾ ಬಂತು. ಎರಡು ಸಾವಿರದ ನೂರ ಐವತ್ತು. ಇನ್ನೂರು ಹೆಸರು ಇನ್ನು ಸಿಗಲಿಕ್ಕಿಲ್ಲ.

ಒಂದು ಹೆಸರನ್ನು ಮೊದಲಿನಿಂದ ಕೊನೆಯವರೆಗೆ ಹುಡುಕಿದೆ. ಇಲ್ಲ. ಹಿಂದಿನ ಪಟ್ಟಿಯಲ್ಲೂ ಓದಿದ ನೆನಪಿಲ್ಲ.

೭ ಫೆಬ್ರವರಿ, ಶುಕ್ರವಾರ

ಸಂಕಪ್ಪಣ್ಣ ಬಂದರು. ಸರಸಕ್ಕ ಆಟೋದಿಂದ ಇಳಿಸಿ, ವಾಕರ್ ಹಿಡಿಸಿ, ಕುರ್ಚಿಯಲ್ಲಿ ಕೂರಿಸಿದರು. ತುಂಬ ತೆಳ್ಳಗಾಗಿದ್ದಾರೆ. ಕಂಪ್ಯೂಟರಿನ ಮೇಲೆ ಕೈಯಾಡಿಸಿ ಧೂಳು ನೋಡಿದರು. ಇರಲಿಲ್ಲ.

ನಾನು ನಿಂತುಕೊಂಡೇ ಹೇಳಿದೆ. ಎಂಟು ಉಪಾಯ, ಏಳನೆಯದು, ಖಾಲಿಯಾದದ್ದು, ಇನ್ನೂರು ಹೆಸರು ಹೋದದ್ದು. ಕರೆಂಟು ಹೋಗಿರಲಿಲ್ಲ ಎಂಬುದನ್ನೂ.

“ಗೊತ್ತುಂಟು” ಎಂದರು. “ನೀನು ಅವತ್ತು ಸೈನಬನಿಂದ ಶುರು ಮಾಡಿದಿ. ಪಟ್ಟಿ ಎದುರು ಇದ್ದರೆ ಅವಳಿಂದ ಶುರು ಆಗುವುದಿಲ್ಲ, ಸೈನಬ ಇರುವುದು ನಾಲ್ಕನೇ ಹೆಸರು. ಅಂಗಡಿ ಇಟ್ಟ ದಿನ ಬಂದದ್ದು ಮೂರು ಜನ, ಅವಳು ಮರುದಿನ ಬಂದದ್ದು. ಸರಸ ನನಗೆ ಬುದ್ಧಿ ಕೆಟ್ಟಿದೆ ಅಂತ ಹೇಳ್ತಾಳೆ. ಊರಿನ ಹೆಸರು ಮರೀಬಹುದು, ಇದು ಮರೀತದಾ?”

“ಮತ್ತೆ ಯಾಕೆ ಹೇಳಲಿಲ್ಲ?”

“ನೀನು ಎಂತ ಮಾಡ್ತಿ ಅಂತ ನೋಡುವ ಅಂತ.”

ಸರಸಕ್ಕ ಬಾಗಿಲಲ್ಲಿ ನಿಂತು, “ಮೊದಲೆಲ್ಲ ಅಪ್ಪ ಫೋನನ್ನು ಕಿವಿಗೆ ಅಂಟಿಸಿಕೊಳ್ಳಬೇಕಿತ್ತು ಮಾರಾಯ್ತಿ ನಿನ್ನ ಸ್ವರಕ್ಕೆ. ಈಗ ನೀನು ಓದಿದ್ರೆ ನನಗೆ ಅಡುಗೆ ಮನೆಗೆ ಕೇಳ್ತದೆ. ಕರಿಯ ನಾಯಿ ಯಾರದ್ದು ಅಂತ ನನಗೂ ಗೊತ್ತಾಯ್ತು” ಎಂದರು. ಫೋನು ಹಳತಾಗಿದೆ, ಅದಕ್ಕೆ ಹಾಗೆ ಕೇಳಿಸುವುದಿರಬೇಕು.

ನಾನು ೨೦೧೪ರ ಆ ಕಾಗದವನ್ನು ತೆರೆದಿಟ್ಟೆ. ಅವರು ಕನ್ನಡಕ ಹಾಕಿ ಓದಿದರು. ಕೊನೆಯ ಸಾಲುಗಳಿಗೆ ಬರುವಾಗ ಕನ್ನಡಕ ತೆಗೆದು ಒರೆಸಲು ಶುರು ಮಾಡಿದರು.

“ಬೇರೆಯವರ ಕಾಗದದಲ್ಲಿ ನಾನು ಕೈ ಹಾಕಿದ್ದು ಅದೊಂದೇ. ತಪ್ಪು ಅದು.”

“ಹೆಸರು ಹಾಕಲಿಲ್ಲ ನೀವು. ಹೆಸರಿಲ್ಲದ ಕಾಗದ ಈ ಅಂಗಡಿಯಿಂದ ಹೋಗಬಾರದು ಅಂತ ನನಗೆ ಹೇಳಿದ್ದು ಯಾರು?”

“ಅದಕ್ಕೀಗ ಎಂತ ಮಾಡ್ಲಿಕ್ಕಾಗ್ತದೆ?”

“ಈಗ ಹಾಕುವ.”

ಅವರ ಸಾಲಿನ ಕೆಳಗೆ ಟೈಪ್ ಮಾಡಿದೆ. ಸಂಕಪ್ಪ. ಕೆಂಪು ಗೆರೆ ಬಂತು. ನಾಲ್ಕು ಸಾವಿರ ಕಾಗದ ಬರೆದವರು, ತಮ್ಮದಾಗಿ ಒಂದನ್ನೂ ಬರೆದಿರಲಿಲ್ಲ. ಅವರ ಹೆಸರು ಮಾಸ್ಟ್ರಿಗೆ ಗೊತ್ತೇ ಇರಲಿಲ್ಲ.

ಸಂಕಪ್ಪಣ್ಣ ಮುಂದೆ ಬಾಗಿ ನೋಡಿದರು. “ನನಗೂ ಹಾಕ್ತದಾ ಇದು!”

ಗೆರೆಯ ಮೇಲೆ ಒತ್ತಿ, ಸೇರಿಸು ಎಂದು ಕೊಟ್ಟೆ. ಅವರು ನೋಡುತ್ತಿದ್ದ ಹಾಗೇ ಗೆರೆ ಹೋಯಿತು. ಉಪ್ಪ ಈಗ ಊರಿನಲ್ಲೇ, ಬಂಟ್ವಾಳದ ಒಂದು ಗೋಣಿ ಅಂಗಡಿಯಲ್ಲಿದ್ದಾರೆ. ಅವರ ಫೋನಿಗೇ ಹೋಗುವ ಹಾಗೆ ಆ ಕಾಗದವನ್ನು ಕಳಿಸಿದೆ. ಕೆಳಗೆ ನನ್ನದೂ ಒಂದು ಸಾಲು ಸೇರಿಸಿದೆ: ಹತ್ತನೇ ಕ್ಲಾಸಿನ ಪರೀಕ್ಷೆಯನ್ನು ಮನೆಯಲ್ಲೇ ಓದಿ ನೇರವಾಗಿ ಕಟ್ಟಬಹುದಂತೆ, ವಿಚಾರಿಸಿದ್ದೇನೆ. ಶಹಲಾ.

ಐದೂವರೆ ಆಯಿತು. “ಓದು” ಎಂದರು. ಕೊನೆಯ ಹತ್ತು ಹೆಸರು ಓದಿದೆ. ಒಂಬತ್ತಕ್ಕೂ ಒಂದೊಂದು ಮಾತು ಹೇಳಿದರು. ಅಬ್ದುಲ್ ನಾಸಿರ್ ಮನೆಗೆ ಸಂಕ ಎರಡೇ ಎಂದು ಈ ಸಲ ತಡೆಯದೆ ಹೇಳಿದರು. ಹತ್ತನೆಯದು ಬಂತು.

“ಸಂಕಪ್ಪ.”

ಅವರು ಹೊರಗೆ ಬೆಂಚಿನ ಕಡೆ ನೋಡಿದರು. ಬೇರೆಯವರ ಬಗ್ಗೆ ಹೇಳುವ ಅದೇ ಸ್ವರದಲ್ಲಿ ಹೇಳಿದರು: “ಸಿದ್ಧಕಟ್ಟೆಯ ಪೋಸ್ಟ್‌ಮ್ಯಾನ್. ಸೈಕಲ್ ಇದ್ದರೂ ನಡೆದದ್ದೇ ಹೆಚ್ಚು. ಯಾವ ಮನೆಗೆ ಹೋದ್ರೂ ಬೆಲ್ಲ ನೀರು ಕೊಡುತ್ತಿದ್ದರು.” ಮತ್ತೆ, “ಸಂಕದ ಹತ್ತಿರದ ಮನೆಯಲ್ಲಿ ಪುನರ್ಪುಳಿ. ಹಲೀಮ.”

ಜಲಜಾಕ್ಷಿಯಕ್ಕನಿಗೆ ನೆನಪಾಗದ ಹೆಸರು. ಟೈಪ್ ಮಾಡಿ ಸೇರಿಸಿದೆ.

ಬಾಗಿಲು ಎಳೆಯಲು ಎದ್ದೆ. ಮೆಟ್ಟಿಲ ಹತ್ತಿರ ಒಬ್ಬ ಹೆಂಗಸು ಕಾಗದಪತ್ರದ ಚೀಲ ಹಿಡಿದುಕೊಂಡು ನಿಂತಿದ್ದಳು, ಬರಲೋ ಬೇಡವೋ ಎಂದು. ಮೊದಲು ನೋಡಿದವಳಲ್ಲ. ಬಾಗಿಲು ಹಾಕುವ ಹೊತ್ತು ಎಂದು ತಿರುಗಿ ಹೋಗುವುದರಲ್ಲಿದ್ದಳು.

“ಬನ್ನಿ, ಕೂತುಕೊಳ್ಳಿ” ಎಂದು ಕರೆದೆ. “ಮೊದಲು ನಿಮ್ಮ ಹೆಸರು ಹೇಳಿ.”